ಸೋರ್ಸ್‌ನಿಂದ ಹಾಕಿದ ಎಫ್‌ಎಫ್‌ಎಂಪೆಗ್ ತೆಗೆಯೋದು ಹೇಗೆ? ಮಾಡಿದವರು ಹೇಳಿ

ಪ್ರಶ್ನೆ: ಉಬುಂಟು 22.04. ಹಿಂದೆ ಎಫ್‌ಎಫ್‌ಎಂಪೆಗ್ 5.1 (ವಿಡಿಯೋ ಕನ್ವರ್ಟ್ ಮಾಡೋ ಟೂಲ್) ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಿ 'ಸುಡೊ ಮೇಕ್ ಇನ್‌ಸ್ಟಾಲ್' ಕೊಟ್ಟಿದ್ದೆ. ಈಗ ಆಪ್ಟ್‌ನಲ್ಲಿ (ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್) ಬರೋದೇ ಸಾಕು. ಆದ್ರೆ 'ಆಪ್ಟ್ ರಿಮೂವ್' ಕೊಟ್ರೂ ಹಳೇದು ಹೋಗ್ತಿಲ್ಲ, ಸೋರ್ಸ್ ಫೋಲ್ಡರ್ ಡಿಲೀಟ್ ಆಗಿದೆ. ಎಂಪಿವಿ ವಿಡಿಯೋ ಪ್ಲೇಯರ್ ಬೇರೆ 'ಸಿಂಬಲ್ ಲುಕಪ್ ಎರರ್' ಅಂತಿದೆ. ಓಎಸ್ ಮತ್ತೆ ಹಾಕೋ ಗೋಳು ಬೇಡ.

ಉತ್ತರ: ಓಎಸ್ ಮುಟ್ಟೋದೇ ಬೇಡ ಸರ್. ನೀವು ಹಾಕಿದ್ದು ಆಪ್ಟ್ ಲೆಕ್ಕದಲ್ಲೇ ಇಲ್ಲ, ಹಾಗಾಗಿ ಅದು ತೆಗೆಯಲ್ಲ. ಫೈಲೆಲ್ಲ /ಯುಎಸ್‌ಆರ್/ಲೋಕಲ್ ಕೆಳಗೆ ಕೂತಿರುತ್ತೆ. ಲೈಬ್ರರಿ ಹುಡುಕುವಾಗ ಆ ಜಾಗಕ್ಕೇ ಮೊದಲ ಮಣೆ, ಎಂಪಿವಿ ತಕರಾರು ಅದರಿಂದಲೇ ಇರಬೇಕು.

'ಎಫ್‌ಎಫ್‌ಎಂಪೆಗ್ -ವರ್ಶನ್' ಕೊಡಿ. 'ಕಾನ್ಫಿಗರೇಶನ್' ಅನ್ನೋ ಸಾಲಲ್ಲಿ ಅವತ್ತು ಕೊಟ್ಟ ಆಪ್ಶನ್ ಎಲ್ಲ ಸಿಗುತ್ತೆ, ಕಾಪಿ ಮಾಡಿಟ್ಟುಕೊಳ್ಳಿ. ಅದೇ 5.1ರ ಸೋರ್ಸ್ ಇಳಿಸಿ, ಅದೇ ಆಪ್ಶನ್‌ಗಳಲ್ಲಿ ಕಾನ್ಫಿಗರ್ ಓಡಿಸಿ. ಎಕ್ಸ್264 (ವಿಡಿಯೋ ಎನ್‌ಕೋಡರ್) ಡೆವ್ ಪ್ಯಾಕೇಜ್ ಈಗ ಇಲ್ಲದಿದ್ರೆ ಅಲ್ಲೇ ನಿಲ್ಲುತ್ತೆ. ಆಗ ಆ ಥರದ ಹೊರಗಿನ ಲೈಬ್ರರಿಗಳನ್ನ ಬಿಟ್ಟುಬಿಡಿ, ತೆಗೆಯೋಕೆ ಅವು ಬೇಕಿಲ್ಲ. ಪ್ರಿಫಿಕ್ಸ್, ಶೇರ್ಡ್, ಜಿಪಿಎಲ್ ಆಪ್ಶನ್‌ಗಳನ್ನ ಮಾತ್ರ ಬಿಡಬೇಡಿ; ಜಿಪಿಎಲ್ ಬಿಟ್ರೆ ಲಿಬ್‌ಪೋಸ್ಟ್‌ಪ್ರಾಕ್ ಲೈಬ್ರರಿ ಉಳ್ಕೊಳ್ಳುತ್ತೆ. ಕಂಪೈಲ್ ಮಾಡೋದೇನೂ ಬೇಡ. ಮೊದಲು 'ಮೇಕ್ -ಎನ್ ಅನ್‌ಇನ್‌ಸ್ಟಾಲ್' ಕೊಟ್ಟು ಏನೇನು ಅಳಿಸುತ್ತೆ ಅಂತ ಓದಿ, ಆಮೇಲೆ -ಎನ್ ತೆಗೆದು ಸುಡೊ ಹಾಕಿ. ಕೊನೆಗೆ 'ಸುಡೊ ಎಲ್‌ಡಿಕಾನ್ಫಿಗ್' ಕೊಡಿ, ಲೈಬ್ರರಿ ಪಟ್ಟಿ ಹೊಸದಾಗುತ್ತೆ.

ಉತ್ತರ: ಇವರು ಹೇಳಿದ್ದು ಎಫ್‌ಎಫ್‌ಎಂಪೆಗ್‌ಗೆ ಸರಿ, ಎಲ್ಲದಕ್ಕೂ ನಡೆಯಲ್ಲ. ಪೈಥಾನ್ ಸೋರ್ಸ್‌ನಲ್ಲಿ 'ಅನ್‌ಇನ್‌ಸ್ಟಾಲ್' ಅನ್ನೋ ಟಾರ್ಗೆಟ್ಟೇ ಇಲ್ಲ. ಸಿಮೇಕ್ (ಇನ್ನೊಂದು ಬಿಲ್ಡ್ ಟೂಲ್) ಕೂಡ ತಾನಾಗಿ ಕೊಡಲ್ಲ, ಆದ್ರೆ ಬಿಲ್ಡ್ ಫೋಲ್ಡರ್‌ನಲ್ಲಿ 'ಇನ್‌ಸ್ಟಾಲ್_ಮ್ಯಾನಿಫೆಸ್ಟ್.ಟಿಎಕ್ಸ್‌ಟಿ' ಬಿಟ್ಟಿರುತ್ತೆ, ಹಾಕಿದ ಪ್ರತಿ ಫೈಲಿನ ಪಾತ್ ಅದರಲ್ಲಿರುತ್ತೆ. ಎರಡೂ ಇಲ್ಲ ಅಂದ್ರೆ 'ಡೆಸ್ಟ್‌ಡಿರ್' ಕೊಟ್ಟು ಒಂದು ಖಾಲಿ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ. ಅಲ್ಲಿ ಬಿದ್ದ ಫೈಲ್‌ಗಳೇ ನಿಮ್ಮ ಪಟ್ಟಿ.

ಉತ್ತರ: ಯಾರಾದ್ರೂ ಬಂದು /ಯುಎಸ್‌ಆರ್/ಲೋಕಲ್ ಪೂರ್ತಿ ಅಳಿಸಿ ಅಂತಾರೆ, ಕೇಳಬೇಡಿ. ಸುಡೊ ಪಿಪ್‌ನಲ್ಲಿ ಹಾಕಿದ ಪೈಥಾನ್ ಪ್ಯಾಕೇಜ್‌ಗಳೂ ಅಲ್ಲೇ ಇರುತ್ತೆ.

ಉತ್ತರ: ಮುಂದಿನ ಸಲ ಚೆಕ್‌ಇನ್‌ಸ್ಟಾಲ್ ಬಳಸಿ ಗುರು, ಡೆಬ್ ಪ್ಯಾಕೇಜ್ ಆಗುತ್ತೆ, ಆಪ್ಟ್‌ನಲ್ಲೇ ತೆಗೀಬಹುದು.

ಉತ್ತರ: ನನ್ನ ಓಟು ಗ್ನೂ ಸ್ಟೋಗೆ. ಪ್ರತಿ ಸಾಫ್ಟ್‌ವೇರ್‌ಗೂ /ಯುಎಸ್‌ಆರ್/ಲೋಕಲ್/ಸ್ಟೋ ಒಳಗೆ ಅದರದೇ ಫೋಲ್ಡರ್, ಹೊರಗೆ ಬರೀ ಸಿಮ್‌ಲಿಂಕ್. 'ಸ್ಟೋ -ಡಿ' (ದೊಡ್ಡಕ್ಷರದ D) ಅಂದ್ರೆ ಲಿಂಕ್ ಹೋಯ್ತು, ಆಮೇಲೆ ಫೋಲ್ಡರ್ ಅಳಿಸಿದ್ರೆ ಮುಗೀತು.

ಕೇಳಿದವರು: ಹೋಯ್ತು ಸರ್, ಥ್ಯಾಂಕ್ಸ್! ಎಂಪಿವಿನೂ ಓಡ್ತಿದೆ. ಆಪ್ಟ್‌ನದ್ದು ಹಾಕಿದ ಮೇಲೂ ಟರ್ಮಿನಲ್ ಮಾತ್ರ '/ಯುಎಸ್‌ಆರ್/ಲೋಕಲ್/ಬಿನ್/ಎಫ್‌ಎಫ್‌ಎಂಪೆಗ್ ಇಲ್ಲ' ಅಂತಲೇ ಹೇಳ್ತಿತ್ತು, 'ಹ್ಯಾಶ್ -ಆರ್' ಕೊಟ್ಟು ಅದು ನೆನಪಿಟ್ಟಿದ್ದ ಹಳೇ ಪಾತ್ ಮರೆಸಿದ ಮೇಲೆ ಸರಿಹೋಯ್ತು. ಈಗ 'ಟೈಪ್ -ಎ' ಕೊಟ್ರೆ /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೂ ಕಡೆ ಎಫ್‌ಎಫ್‌ಎಂಪೆಗ್ ತೋರಿಸ್ತಿದೆ. ಎರಡನೇದು ಹಳೇದಾ, ಅಳಿಸಲಾ?

ಉತ್ತರ: ಅಯ್ಯೋ ಬೇಡ! ಉಬುಂಟುವಲ್ಲಿ /ಬಿನ್ ಅನ್ನೋದೇ /ಯುಎಸ್‌ಆರ್/ಬಿನ್‌ಗೆ ಇರೋ ಸಿಮ್‌ಲಿಂಕ್. ಎರಡೂ ಒಂದೇ ಫೈಲ್, ಆಪ್ಟ್ ಹಾಕಿದ್ದು.