ಪೂರಕ ಕೋನ ಅಂದರೆ 90 ಡಿಗ್ರಿಯದೋ, 180 ಡಿಗ್ರಿಯದೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು.

ನಮ್ಮದು ಬೆಳಗಾವಿ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ. ಪಕ್ಕದ ಮನೆ ಹುಡುಗನೂ ಏಳನೆಯದೇ, ಆದರೆ ಮರಾಠಿ ಮಾಧ್ಯಮ. ಮೊನ್ನೆ ಸಂಜೆ ಇಬ್ಬರೂ ಕಟ್ಟೆ ಮೇಲೆ ಕೂತು ಲೆಕ್ಕ ಮಾಡುತ್ತಿದ್ದರು. 35 ಡಿಗ್ರಿಯ ಪೂರಕ ಕೋನ ಎಷ್ಟು? ಇವಳು 55 ಅಂದಳು, ಅವನು 145 ಅಂದ. ಜಗಳ ಜಾಸ್ತಿಯಾಗಿ ಪುಸ್ತಕ ತೆಗೆಸಿ ನೋಡಿದರೆ, ಇಬ್ಬರದ್ದೂ ಸರಿ!

ನಮ್ಮ ಪಠ್ಯದಲ್ಲಿ ಕೂಡಿದರೆ 90 ಆಗುವ ಜೋಡಿ ಪೂರಕ, 180 ಆದರೆ ಪರಿಪೂರಕ. ಮರಾಠಿಯಲ್ಲಿ 180 ಆಗುವುದೇ ಪೂರಕ. 90ರ ಜೋಡಿಗೆ ಅವರು ಕೋಟಿಕೋನ ಅನ್ನುತ್ತಾರೆ. ಹಿಂದಿಯ ಪೂರಕ ನಮ್ಮ ಹಾಗೆ 90ರದ್ದು.

ಸೋಜಿಗ ಅಂದರೆ, ಬೇರೆ ಕೋನಗಳ ಹೆಸರಲ್ಲಿ ನಾವು ಮರಾಠಿಗೇ ಹತ್ತಿರ. ಲಘುಕೋನ, ವಿಶಾಲಕೋನ, ಸರಳಕೋನ ಎರಡೂ ಕಡೆ ಒಂದೇ. ಹಿಂದಿಯವರದ್ದು ನ್ಯೂನಕೋಣ, ಅಧಿಕಕೋಣ. (ಕನ್ನಡದಲ್ಲಿ ಹಾಗೆ ಣ ಹಾಕಿ ಬರೆದರೆ ಎಮ್ಮೆಯ ಗಂಡ ಎದ್ದು ಬರುತ್ತಾನೆ, ಅಲ್ವಾ!) ಲಂಬಕೋನಕ್ಕೆ ಮಾತ್ರ ಮರಾಠಿಯಲ್ಲಿ ಕಾಟಕೋನ.

ಕೋಟಿಕೋನ ಅಂದ ಕೂಡಲೇ ಮಗಳು "ನೂರು ಲಕ್ಷಾನಾ?" ಅಂದಳು. ಅಲ್ಲ. ಭಾಸ್ಕರಾಚಾರ್ಯರ ಗಣಿತ ಗ್ರಂಥ ಲೀಲಾವತಿಯಲ್ಲಿ ಲಂಬಕೋನ ತ್ರಿಭುಜದ ಮೂರು ಬದಿಗಳ ಹೆಸರಾಗಿ ಬರುವ ಭುಜ, ಕೋಟಿ, ಕರ್ಣದ ಕೋಟಿ ಇದು. ಹಳೆಯ ಗಣಿತದಲ್ಲಿ ಒಂದು ಕೋನದ ಕೋಟಿಜ್ಯಾ ಅಂದರೆ, 90 ತುಂಬಲು ಉಳಿದ ಕೋನದ ಜ್ಯಾ (ಈಗಿನ ಸೈನ್‌ನ ಹಳೆಯ ರೂಪ). ಹಾಗಾಗಿ ಕೋಟಿ ಅಂದರೆ 90ರ ಲೆಕ್ಕ ಅನ್ನುವುದು ಹೆಸರಲ್ಲೇ ಇದೆ. ಪೂರಕದಲ್ಲಿ ಆ ಸುಳಿವಿಲ್ಲ. ಏನನ್ನು ತುಂಬಬೇಕು, ಎಷ್ಟಕ್ಕೆ ತುಂಬಬೇಕು? ಮುಂದೆ ಸುಮ್ನೆ ಒಂದು 'ಪರಿ' ಅಂಟಿಸಿದರೆ 90 ಹೋಗಿ 180 ಹೇಗಾಗುತ್ತದೆ? ಬಾಯಿಪಾಠ ಮಾಡದೆ ಬೇರೆ ದಾರಿಯೇ ಇಲ್ಲ. ನನ್ನ ಓಟು ಕೋಟಿಕೋನಕ್ಕೆ.

ಈಗ ಪ್ರಶ್ನೆ. 1956ರವರೆಗೆ ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಆಗ ಇಲ್ಲಿ ಕನ್ನಡ ಶಾಲೆ ಕಲಿತ ಹಿರಿಯರು ಯಾರಾದರೂ ಇದ್ದೀರಾ? ನಿಮ್ಮ ಪುಸ್ತಕದಲ್ಲಿ ಪೂರಕ ಎಷ್ಟಕ್ಕಿತ್ತು? ಕೋಟಿಕೋನ ಅನ್ನುವ ಮಾತು ಕನ್ನಡದಲ್ಲಿ ಓದಿದ ನೆನಪಿದೆಯೇ? ಮೈಸೂರು ಕಡೆಯವರೂ ಹೇಳಿ.

ನಮ್ಮ ಕಟ್ಟೆ ಮೇಲಂತೂ ಸದ್ಯಕ್ಕೆ ರಾಜಿಯಾಗಿದೆ. 'ತೊಂಬತ್ತರ ಜೋಡಿ', 'ನೂರೆಂಬತ್ತರ ಜೋಡಿ' ಅಂತ ಮಕ್ಕಳೇ ಹೆಸರಿಟ್ಟುಕೊಂಡಿದ್ದಾರೆ.