ಮಂಡಿ ನೋವು ಬಂದ ಮೇಲೆ ವೇಷ ಬಿಡಬೇಕಾ?

ಪ್ರಶ್ನೆ: ನಾನು ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಕಲಾವಿದ. ಅರವತ್ತು ಹತ್ತಿರ ಬಂತು. ಮಂಡಿ ಹಾಕಿ ಕುಣಿದರೆ ಮರುದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ, ಆದರೆ ಜನ ಇನ್ನೂ ಆ ಹಳೆಯ ಅಭಿಮನ್ಯುವನ್ನೇ ಕೇಳುತ್ತಾರೆ. ಮೇಳ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ 1: ಬಿಡಬೇಡಿ ಅಣ್ಣಾ. ಅಭಿಮನ್ಯುವನ್ನು ಹುಡುಗರಿಗೆ ಕೊಡಿ. ಭೀಷ್ಮ, ದಶರಥ ಮಾಡಿ, ಅಲ್ಲಿ ಕುಣಿತ ಕಮ್ಮಿ, ಮಾತು ಜಾಸ್ತಿ. ಪದ ಹಾಡಿ ಆಟ ನಡೆಸುವ ಭಾಗವತರಿಗೆ ಮೊದಲೇ ಹೇಳಿದರೆ ಕುಣಿತದ ಭಾಗ ಚಿಕ್ಕದು ಮಾಡುತ್ತಾರೆ.

ಉತ್ತರ 2: ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನೆನೆಯಿರಿ. 1933ರಲ್ಲಿ ಹುಟ್ಟಿದವರು, 2012ರಲ್ಲಿ ಪದ್ಮಶ್ರೀ ಬಂದ ಮೇಲೂ ವೇಷ ಕಟ್ಟಿದರು. ಆ ವಯಸ್ಸಿನಲ್ಲೂ ಕೀಚಕನ ಶೃಂಗಾರಕ್ಕೆ ಅವರ ಕಣ್ಣು, ಹುಬ್ಬು, ಕೈಬೆರಳು ಸಾಕಾಗುತ್ತಿತ್ತು. ನನಗಂತೂ ಕುಣಿತಕ್ಕಿಂತ ಅದೇ ಇಷ್ಟ.

ಉತ್ತರ 3: ಎಲ್ಲರೂ ಚಿಟ್ಟಾಣಿ ಆಗೋದಿಲ್ಲ ಅಲ್ವಾ? ಸುಮ್ನೆ ನೋವು ನುಂಗಿ ಕುಣಿಯಬೇಡಿ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಮಳೆಗಾಲದಲ್ಲಿ ತಾಳಮದ್ದಳೆಗೆ ಬನ್ನಿ. ಗೆಜ್ಜೆ ಇಲ್ಲ, ಕಿರೀಟದ ಭಾರ ಇಲ್ಲ, ಕೂತು ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದು. ಆದರೆ ಓದು ಬೇಕು, ಎದುರಿನ ಅರ್ಥಧಾರಿ ವಾದಕ್ಕೆ ಎಳೆದರೆ ಬಾಯಿಪಾಠದ ಮಾತು ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು: ಭೀಷ್ಮನ ಅರ್ಥಕ್ಕೆ ಯಾವ ಪ್ರಸಂಗದಿಂದ ಶುರು ಮಾಡಲಿ?

ಉತ್ತರ 3: ಭೀಷ್ಮ ವಿಜಯ. ಅಂಬೆಯ ಪ್ರಶ್ನೆಗಳಿಗೆ ಮೊದಲು ತಯಾರಾಗಿ.