ಥಾಯ್ಲೆಂಡ್ ನಿವೃತ್ತಿ ವೀಸಾ: ಇನ್ಶೂರೆನ್ಸ್ ಸಿಗದಿದ್ದರೆ?

ಪ್ರಶ್ನೆ: ನನಗೆ 67, ಚಿಯಾಂಗ್ ಮಾಯ್‌ನಲ್ಲಿದ್ದೇನೆ. ನನ್ನ ಒ-ಎ ವೀಸಾದ (ಒಂದು ಬಗೆಯ ನಿವೃತ್ತಿ ವೀಸಾ) ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ವೀಸಾಗೆ ತೋರಿಸಬೇಕಾದ 8 ಲಕ್ಷ ಬಾತ್ (ಥಾಯ್ ಹಣ) ಬ್ಯಾಂಕಿನಲ್ಲಿದೆ. ಆದರೆ ಸಕ್ಕರೆ ಕಾಯಿಲೆ ಇದೆ ಅಂತ ಆರೋಗ್ಯ ಇನ್ಶೂರೆನ್ಸ್ ಪಾಲಿಸಿ ಕೊಡಲಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಗಾಬರಿ ಬೇಡ ಸರ್. ಒ-ಎ ವಿಸ್ತರಣೆಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ಬೇಕು. ನಿವೃತ್ತಿಗೇ ಇರುವ ಇನ್ನೊಂದು ಬಗೆಯ ಒ ವೀಸಾದ ವಿಸ್ತರಣೆಗೆ ಬೇಡ. ನಾನು ಥಾಯ್ಲೆಂಡ್‌ನಿಂದ ಹೊರಗೆ ಹೋಗಿ ಒ ವೀಸಾದಲ್ಲಿ ವಾಪಸ್ ಬಂದೆ. ಹಣ ಮಾತ್ರ ವಿಸ್ತರಣೆಗೆ 2 ತಿಂಗಳು ಮೊದಲೇ ಖಾತೆಯಲ್ಲಿರಬೇಕು. ಪಾಸ್‌ಬುಕ್ಕಿನಲ್ಲಿ ಅದೇ ದಿನದ ಎಂಟ್ರಿ ಇರಲಿ. ನನ್ನದು ಹಿಂದಿನ ದಿನದ್ದು ಅಂತ ಇಮಿಗ್ರೇಷನ್ ಕಚೇರಿಯವರು ವಾಪಸ್ ಕಳಿಸಿದ್ದರು.

ಉತ್ತರ: ವೀಸಾಗೆ ಬೇಡ ಅಂತ ಸುಮ್ನೆ ಇರಬೇಡಿ ಸರ್. ನಮ್ಮ ಯಜಮಾನರು ಜಾರಿ ಬಿದ್ದು ಸೊಂಟ ಮುರಿದಾಗ ಆಸ್ಪತ್ರೆಯವರು ಮೊದಲು ಕೇಳಿದ್ದೇ ಡೆಪಾಸಿಟ್. ವೀಸಾಗೆ ಇಟ್ಟ ಆ 8 ಲಕ್ಷವನ್ನು ಬೇಕೆಂದಾಗ ಪೂರ್ತಿ ತೆಗೆಯುವ ಹಾಗಿಲ್ಲ, ಅಲ್ವಾ? ಚಿಕಿತ್ಸೆಗೆ ಬೇರೆ ಖಾತೆ ಇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ.